ಹೊಸತನ್ನು ತರುವವರು

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎಂದು ನಮ್ಮಲ್ಲೊಂದು ಗಾದೆಯಿದೆ. ಪಾಪ, ಇದರಿಂದ ಅಗಸನಿಗೆ ಅನ್ಯಾಯವೇ ಆಗಿದೆ. ಮೂರು ದಶಕಕ್ಕೂ ಮಿಕ್ಕಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದ ನನ್ನ ಅನುಭವದಲ್ಲಿ ಈ ಮಾತು ಹೆಚ್ಚು ಒಪ್ಪುವುದು ಮ್ಯಾನೇಜರುಗಳಿಗೆ. ಹೊಸ ಮ್ಯಾನೇಜರು ಬಂದರೆಂದರೆ ಮೇಜುಗಳು ದಿಕ್ಕು ಬದಲಾಯಿಸುತ್ತವೆ. ಉತ್ತರಕ್ಕಿದ್ದ ಕಪಾಟು ದಕ್ಷಿಣಕ್ಕೆ ಬರುತ್ತದೆ. ಇದ್ದ ಮೂರು ರಿಜಿಸ್ಟರುಗಳ ಜೊತೆಗೆ ನಾಲ್ಕನೆಯದೊಂದು ಹುಟ್ಟುತ್ತದೆ. ಆರು ತಿಂಗಳಲ್ಲಿ ಗೋಣಿ ಎತ್ತುವ ಉತ್ಸಾಹ ಇಳಿಯುತ್ತದೆ. ಕಪಾಟು ಮಾತ್ರ ಹೋದಲ್ಲಿಯೇ ಉಳಿದು ಕಿಟಕಿಯ ಗಾಳಿಗೆ ಅಡ್ಡ ನಿಲ್ಲುತ್ತದೆ.

ಬದಲಾವಣೆಯನ್ನು ತರುವ ಮುಂದಾಳಿಗೆ ಯಾವ ಯಾವ ಗುಣಗಳಿರಬೇಕು ಎಂಬ ವಿಷಯದಲ್ಲಿ ಈಗ ರೈಲ್ವೆ ನಿಲ್ದಾಣದ ಅಂಗಡಿಗಳಲ್ಲಿಯೂ ಪುಸ್ತಕಗಳು ಸಿಗುತ್ತವೆ. ದೂರದೃಷ್ಟಿ, ಧೈರ್ಯ, ಮಾತುಗಾರಿಕೆ, ಉತ್ಸಾಹ—ಪಟ್ಟಿ ದೊಡ್ಡದು. ಇವೆಲ್ಲ ಬೇಡವೆಂದು ನಾನು ಹೇಳುವವನಲ್ಲ. ಆದರೆ ನಾನು ಕಂಡ ಮಟ್ಟಿಗೆ, ಹೊಸತನ್ನು ನಿಜವಾಗಿ ತಂದು ನಿಲ್ಲಿಸಿದವರಲ್ಲಿ ಇನ್ನೊಂದು ಗುಣವಿತ್ತು. ಹಳೆಯ ಕೆಲಸವನ್ನು ಹೊತ್ತು ನಿಂತವನ ಹೆಗಲು ಎಲ್ಲಿ ನೋಯುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ನಮ್ಮ ದಕ್ಷಿಣ ಕನ್ನಡದ ಕರಾವಳಿ ಬ್ಯಾಂಕುಗಳ ತವರು. 1906ರಿಂದ 1931ರೊಳಗೆ ಇಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಅವುಗಳಲ್ಲೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1925ರಲ್ಲಿ ಉಡುಪಿಯಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಯವರು ವೃತ್ತಿಯಿಂದ ವೈದ್ಯರು. ರೋಗಿಯ ಬಾಯಿಂದಲೇ ರೋಗವನ್ನು ಕೇಳಿ ತಿಳಿಯುವ ಅಭ್ಯಾಸ ಅವರಿಗೆ ಬ್ಯಾಂಕಿನಲ್ಲಿಯೂ ಉಪಯೋಗಕ್ಕೆ ಬಂದಿರಬೇಕು. ದಿನಗೂಲಿಯವನೂ ಸಣ್ಣ ಅಂಗಡಿಯವನೂ ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ. ಕೈಯಲ್ಲಿರುವ ಚಿಲ್ಲರೆಯನ್ನು ಹಿಡಿದು ಅಲ್ಲಿ ನಿಲ್ಲುವುದಕ್ಕೆ ಅವನಿಗೆ ಸಂಕೋಚ. ಹಾಗಾದರೆ ಬ್ಯಾಂಕೇ ಅವನ ಮನೆಯ ಮೆಟ್ಟಿಲು ಹತ್ತಲಿ ಎಂದು 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟನು ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಉಳಿತಾಯದ ಮೇಲೆ ಉಪನ್ಯಾಸ ಮಾಡುವುದಕ್ಕಿಂತ ಎರಡಾಣೆಗೆ ಒಂದು ದಾರಿ ಮಾಡಿಕೊಡುವುದು ಮೇಲು ಎಂದು ಕಂಡುಕೊಂಡದ್ದು ಸಣ್ಣ ಬುದ್ಧಿವಂತಿಕೆಯೆ?

ಇದು ದೊಡ್ಡವರ ಮಾತಾಯಿತು. ನಾನು ಕಣ್ಣಾರೆ ಕಂಡದ್ದು ಒಂದು ಸಣ್ಣ ಶಾಖೆಯಲ್ಲಿ. ಬ್ಯಾಂಕಿನ ಹೆಸರು ಇಲ್ಲಿ ಬೇಡ.

ಎಂಬತ್ತರ ದಶಕದ ಕೊನೆಯ ವರ್ಷಗಳು. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಬ್ಯಾಂಕುಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಬರತೊಡಗಿದ್ದವು. ನಮ್ಮ ಶಾಖೆಯಲ್ಲಿ ಆಗ ಎಲ್ಲವೂ ಕೈಬರಹ. ಉಳಿತಾಯ ಖಾತೆಯ ಲೆಡ್ಜರುಗಳು ಎಷ್ಟು ಭಾರವೆಂದರೆ, ಹೊಸದಾಗಿ ಸೇರಿದ ಹುಡುಗರು ಅವನ್ನು ಮಗುವನ್ನು ಎತ್ತುವಂತೆ ಎರಡೂ ಕೈಗಳಿಂದ ಎತ್ತುತ್ತಿದ್ದರು. ಗಿರಾಕಿ ಚೀಟಿ ಕೊಟ್ಟು ಹಿತ್ತಾಳೆಯ ಟೋಕನ್ ಹಿಡಿದು ಬೆಂಚಿನ ಮೇಲೆ ಕೂರಬೇಕು. ಚೀಟಿ ಲೆಡ್ಜರಿಗೆ ಏರಿ, ಆಫೀಸರರ ಸಹಿ ಬಿದ್ದು, ಕ್ಯಾಷಿಯರು ನಂಬರು ಕೂಗುವ ಹೊತ್ತಿಗೆ ಅವನ ಊರಿನ ಬಸ್ಸು ಹೊರಟುಹೋಗಿರುತ್ತಿತ್ತು.

ಈ ಲೆಡ್ಜರುಗಳ ಒಡೆಯರೊಬ್ಬರಿದ್ದರು. ಶಾಖೆಯ ಕಿರಿಯರಾದ ನಾವೆಲ್ಲ ಅವರನ್ನು ಲೆಡ್ಜರ್ ಮಾವ ಎನ್ನುತ್ತಿದ್ದೆವು. ಅಕ್ಷರ ಮುತ್ತು ಪೋಣಿಸಿದಂತೆ. ಮೀನು ಮಾರುವ ಹೆಂಗಸು ಬಾಗಿಲಲ್ಲಿ ಕಾಣಿಸಿದೊಡನೆ, ಪುಸ್ತಕ ತೆರೆಯದೆಯೇ ಅವಳ ಖಾತೆಯಲ್ಲಿ ಎಷ್ಟಿದೆಯೆಂದು ಹೇಳುವಷ್ಟು ಜ್ಞಾಪಕಶಕ್ತಿ. ಲೆಕ್ಕ ತಾಳೆಯಾಗದಿದ್ದರೆ ಅವರಲ್ಲಿ ಮದ್ದಿತ್ತು. ವ್ಯತ್ಯಾಸದ ಮೊತ್ತವನ್ನು ಒಂಬತ್ತರಿಂದ ಭಾಗಿಸು, ಶೇಷ ಉಳಿಯದಿದ್ದರೆ ಯಾರೋ 54ನ್ನು 45 ಎಂದು ಬರೆದಿದ್ದಾರೆ. ಎರಡರಿಂದ ಭಾಗಿಸಿ ಆ ಅರ್ಧವನ್ನು ಹುಡುಕು, ಜಮೆಯ ಕಡೆ ಹೋಗಬೇಕಾದದ್ದು ಖರ್ಚಿನ ಕಡೆ ಹೋಗಿದೆ. ಯಂತ್ರ ಬರುತ್ತದೆಂಬ ಸುದ್ದಿ ಬಂದ ದಿನ ಅವರು ಊಟದ ಬುತ್ತಿಯನ್ನು ತೆರೆಯಲಿಲ್ಲ.

ಅದೇ ಹೊತ್ತಿಗೆ ನಮಗೆ ಹೊಸ ಮ್ಯಾನೇಜರು ಬಂದರು. ಕಪಾಟು ಸರಿಸಲಿಲ್ಲ. ಮೊದಲಿನ ಒಂದು ತಿಂಗಳು ದಿನವೂ ಒಂದೊಂದು ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತು, “ಇದನ್ನು ಹೇಗೆ ಮಾಡುತ್ತೀರಿ, ತೋರಿಸಿ” ಎನ್ನುವುದೇ ಅವರ ಕೆಲಸವಾಯಿತು. ಉಳಿತಾಯದ ಲೆಡ್ಜರುಗಳ ತಾಳೆ ಎಂಟು ತಿಂಗಳು ಹಿಂದೆ ಬಿದ್ದಿದೆ ಎಂಬುದನ್ನು ಅವರು ಕಂಡುಹಿಡಿದದ್ದು ಹಾಗೆ. ಯಾರನ್ನೂ ಗದರಲಿಲ್ಲ.

ಒಂದು ಸಂಜೆ ಬಾಗಿಲು ಹಾಕಿದ ಮೇಲೆ ಗೋಳಿಬಜೆ, ಚಹಾ ತರಿಸಿದರು. ಯಂತ್ರಗಳ ವಿಷಯದಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ 1983ರಲ್ಲಿಯೂ 1987ರಲ್ಲಿಯೂ ಒಪ್ಪಂದಗಳಾಗಿದ್ದವು. ಅವುಗಳ ಪ್ರತಿಯನ್ನು ತಾವು ಓದದೆ ನಮ್ಮ ಯೂನಿಯನ್ ಕಾರ್ಯದರ್ಶಿಯ ಕೈಗೇ ಕೊಟ್ಟು ಓದಿಸಿದರು. ಮ್ಯಾನೇಜರರ ಬಾಯಿಂದ ಬಂದಿದ್ದರೆ ಅದು ಸರ್ಕ್ಯುಲರು. ನಮ್ಮವನ ಬಾಯಿಂದ ಬಂದದ್ದರಿಂದ ಅದು ಮಾತಾಯಿತು. ಕೊನೆಯಲ್ಲಿ ಅವರು ಹೇಳಿದ್ದು ಇಷ್ಟೆ: “ನಿಮ್ಮ ಯಾರ ಕೆಲಸವೂ ಹೋಗುವುದಿಲ್ಲ, ಇದು ಕಾಗದದಲ್ಲಿದೆ. ಆದರೆ ಕೆಲಸ ಈಗಿದ್ದ ಹಾಗೆಯೇ ಇರುತ್ತದೆ ಎಂದು ನಾನು ಹೇಳಲಾರೆ. ಹೇಳಿದರೆ ಅದು ಸುಳ್ಳಾಗುತ್ತದೆ.”

ಲೆಡ್ಜರ್ ಮಾವ ಆಗ ಎದ್ದು ನಿಂತರು. “ಸಾರ್, ನನ್ನ ಅಕ್ಷರವನ್ನು ಈ ಊರು ಇಪ್ಪತ್ತೆಂಟು ವರ್ಷ ನಂಬಿದೆ. ಈ ಪೆಟ್ಟಿಗೆಯ ಅಕ್ಷರವನ್ನು ಯಾರು ನಂಬುತ್ತಾರೆ?”

“ನೀವು ನಂಬಿದರೆ ಊರು ನಂಬುತ್ತದೆ. ನೀವು ನಂಬುವ ತನಕ ಲೆಡ್ಜರು ಮುಚ್ಚುವುದು ಬೇಡ.”

ಬರೀ ಸಮಾಧಾನಕ್ಕೆ ಆಡಿದ ಮಾತು ಅದಲ್ಲವೆಂದು ಮುಂದೆ ತಿಳಿಯಿತು. ತಾಳೆಯಾಗದ ಲೆಕ್ಕವನ್ನು ಯಂತ್ರಕ್ಕೆ ಹಾಕಿದರೆ ತಪ್ಪು ಹೋಗುವುದಿಲ್ಲ. ಅಚ್ಚುಕಟ್ಟಾಗಿ ಮುದ್ರಣಗೊಂಡು ಹೊರಬರುತ್ತದೆ, ಅಷ್ಟೆ. ಆದ್ದರಿಂದ ಮೊದಲು ಎಂಟು ತಿಂಗಳ ತಾಳೆ ಮುಗಿಯಬೇಕು. ಮ್ಯಾನೇಜರು ಪ್ರತಿ ಸಂಜೆ ಅಂಗಿಯ ತೋಳು ಮಡಚಿ ನಮ್ಮ ಜೊತೆ ಕೂತು ಬಾಕಿಗಳನ್ನು ಕೂಗಿದರು, ಮಾವ ಗುರುತು ಹಾಕಿದರು. ಅದಾದ ಮೇಲೆ ಮೂರು ತಿಂಗಳು ಲೆಡ್ಜರೂ ಯಂತ್ರವೂ ಜೋಡಿಯಾಗಿ ನಡೆದವು. ಸಂಜೆ ಯಂತ್ರದ ಹಾಳೆಯನ್ನು ಕೆಂಪು ಪೆನ್ಸಿಲು ಹಿಡಿದು ಪರೀಕ್ಷಿಸುವ ಅಧಿಕಾರ ಮಾವನದು. ಮೊದಲನೆಯ ವಾರವೇ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಬಿದ್ದದ್ದನ್ನು ಅವರು ಹಿಡಿದರು. ಯಂತ್ರದ ಮುಂದೆ ಕೂತಿದ್ದ ಹುಡುಗಿಯ ಮುಖ ಬಾಡಿತು. ಮ್ಯಾನೇಜರು ಒಂದು ನೋಟ್ ಪುಸ್ತಕ ತರಿಸಿ, “ಇನ್ನು ಮೇಲೆ ತಪ್ಪುಗಳನ್ನೆಲ್ಲ ಇದರಲ್ಲಿ ಬರೆಯಿರಿ. ಏನಾಯಿತು ಎಂದು ಮಾತ್ರ, ಯಾರಿಂದ ಎಂದು ಬೇಡ” ಎಂದರು. ಮೂರನೆಯ ತಿಂಗಳಲ್ಲಿ ಆ ಪುಸ್ತಕದ ಪುಟಗಳು ಹೆಚ್ಚು ಕಡಿಮೆ ಖಾಲಿ. ಒಂದು ಸಂಜೆ ಮಾವ ಕೆಂಪು ಪೆನ್ಸಿಲನ್ನು ಆ ಹುಡುಗಿಯ ಮೇಜಿನ ಮೇಲಿಟ್ಟು, “ನಾಳೆಯಿಂದ ನೀನೇ ನೋಡಿಕೊ ಮಗಾ” ಎಂದರು. ಲೆಡ್ಜರು ಮುಚ್ಚಿದ್ದು ಆ ದಿನ.

ಪಕ್ಕದ ಊರಿನ ಶಾಖೆಯಲ್ಲಿ ಇಷ್ಟು ದಿನ ಬೇಕಾಗಲಿಲ್ಲ. ಅಲ್ಲಿ ಒಂದೇ ವಾರದಲ್ಲಿ ಯಂತ್ರಕ್ಕೆ ಹೂವಿನ ಹಾರ ಬಿತ್ತು, ಮೇಲಧಿಕಾರಿಗಳು ರಿಬ್ಬನು ಕತ್ತರಿಸಿದರು, ಸಂಸ್ಥೆಯ ಪತ್ರಿಕೆಯಲ್ಲಿ ಫೋಟೋ ಬಂತು. ತಾಳೆಯಾಗದ ಲೆಕ್ಕವೆಲ್ಲ ಒಳಗೆ ಸೇರಿತ್ತು. ಅದನ್ನು ಬಿಡಿಸುವುದಕ್ಕೆ ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಪಾಸ್ ಪುಸ್ತಕ ಹಿಡಿದು ಜಗಳಕ್ಕೆ ಬಂದ ಗಿರಾಕಿಗಳಿಗೆ ಉತ್ತರ ಹೇಳಬೇಕಾದವರು ಕೌಂಟರಿನ ಗುಮಾಸ್ತರು. ಹಾಗಿದ್ದರೂ ಬಡ್ತಿ ಸಿಕ್ಕಿದ್ದು ರಿಬ್ಬನಿನ ಮ್ಯಾನೇಜರಿಗೆ. ನಮ್ಮವರಿಗೆ ‘ವಿಳಂಬ ಏಕೆ’ ಎಂಬ ಕಾಗದ ಬಂದು, ಮರುವರ್ಷ ದೂರದ ಊರಿಗೆ ವರ್ಗವಾಯಿತು. ಒಳ್ಳೆಯ ಮುಂದಾಳುತನಕ್ಕೆ ಫಲ ಇದ್ದೇ ಇದೆ ಎಂದು ಪುಸ್ತಕಗಳು ಹೇಳುತ್ತವೆ. ಫಲವೇನೋ ಇದೆ, ನೆಟ್ಟವನ ಅಂಗಳದಲ್ಲಿಯೇ ಬೀಳಬೇಕೆಂಬ ನಿಯಮವಿಲ್ಲ.

ಹೊಸತು ಬಂದಾಗ ಏನೂ ಕಳೆದುಹೋಗಲಿಲ್ಲ ಎಂದು ಹೇಳಿದರೆ ಅದೂ ಸುಳ್ಳೇ. ಮಾವನನ್ನು ಗಿರಾಕಿಗಳ ವಿಚಾರಣೆಯ ಮೇಜಿನಲ್ಲಿ ಕೂರಿಸಿದರು. ಮೀನು ಮಾರುವವಳು ಮೊದಲಿನಂತೆ ನೇರವಾಗಿ ಅವರ ಬಳಿಗೇ ಬರುತ್ತಿದ್ದಳು. ಊರಿಗೆ ಊರೇ ಅವರನ್ನು ಕೇಳಿಕೊಂಡೇ ಮುಂದೆ ಹೋಗುತ್ತಿತ್ತು. ಒಮ್ಮೆ ನಾನು, “ಈಗ ಆರಾಮವೋ ಮಾವ?” ಎಂದೆ. ಅವರು ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿಕೊಂಡರು. “ಆರಾಮವೇ ಮಾರಾಯ. ಈ ಕೈಯೊಂದಕ್ಕೆ ಹೊತ್ತು ಹೋಗುವುದಿಲ್ಲ.” ಆ ಮಾತಿಗೆ ಯಾವ ಯಂತ್ರದಲ್ಲಿಯೂ, ಯಾವ ಒಪ್ಪಂದದಲ್ಲಿಯೂ ಉತ್ತರವಿರಲಿಲ್ಲ. ಆದರೆ ಆ ಕೈಯ ಬೆಲೆ ಬಲ್ಲವನೊಬ್ಬನು ಬದಲಾವಣೆಯನ್ನು ತಂದಿದ್ದ ಎಂಬುದೇ ಅವರ ಸಮಾಧಾನ.

ಆಮೇಲೆ ಎಷ್ಟೋ ಹೊಸತುಗಳು ಬಂದವು. ಶಾಖೆಗಳೆಲ್ಲ ಒಂದೇ ಜಾಲಕ್ಕೆ ಸೇರಿದವು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾಗಿ, ನಮ್ಮ ಬೀದಿಗಳ ಫಲಕಗಳೇ ಬದಲಾದವು. ಇವುಗಳಲ್ಲಿ ಯಾವುದು ಬೇಕಿತ್ತು, ಯಾವುದು ಬೇಡವಿತ್ತು ಎಂದು ತೀರ್ಮಾನ ಹೇಳುವಷ್ಟು ದೊಡ್ಡ ಲೆಡ್ಜರು ನನ್ನಲ್ಲಿಲ್ಲ. ಹೊಸತನ್ನು ತರುತ್ತೇನೆಂದು ಹೊರಟವರನ್ನು ಕಂಡಾಗ ನಾನು ಕೇಳುವ ಪ್ರಶ್ನೆ ಒಂದೇ: ಈವರೆಗೆ ಆ ಕೆಲಸವನ್ನು ಮಾಡುತ್ತಿದ್ದವನ ಪಕ್ಕದಲ್ಲಿ ನೀವು ಎಷ್ಟು ದಿನ ಕುರ್ಚಿ ಹಾಕಿ ಕೂತಿದ್ದಿರಿ?