ತಾಯಿ, ಬಾಯಿ ಮತ್ತು ಮೂರನೇ ಬೆಂಚು

ಉಮರೇಡಿಗೆ ಹೋದ ಮೊದಲನೇ ವಾರವೇ ತರಕಾರಿ ಗಾಡಿಯ ಮುದುಕ ನನ್ನನ್ನು ‘ತಾಯಿ’ ಅಂದುಬಿಟ್ಟ. ನನಗಾಗ ಇಪ್ಪತ್ತೆಂಟು ವರ್ಷ. ಅವನಿಗೆ ಎಪ್ಪತ್ತಕ್ಕೆ ಕಡಿಮೆಯಿರಲಿಲ್ಲ. “ತಾಈ, ಕಾಯ್ ದೇಊ?” (ಏನು ಕೊಡಲಿ?) ಅಂತ ಎರಡನೇ ಸಲ ಕೇಳಿದಾಗ ಬದನೆಕಾಯಿ ಕೈಯಲ್ಲಿ ಹಿಡಿದುಕೊಂಡೇ ಕಣ್ಣು ತುಂಬಿಕೊಂಡೆ. ಮಲೆನಾಡಿನಿಂದ ಇಷ್ಟು ದೂರ ಬಂದಿದ್ದೇನೆ, ಯಾರೋ ಹಿರಿಯ ಜೀವ ದೇವಿಯನ್ನು ಕರೆದಂತೆ ಕರೆಯುತ್ತಿದೆ! ಸಂಜೆ ಇವರು ಮನೆಗೆ ಬಂದಮೇಲೆ ಹೇಳಿದರೆ ಬಿದ್ದುಬಿದ್ದು ನಕ್ಕರು. ಮರಾಠಿಯಲ್ಲಿ ತಾಈ ಅಂದರೆ ಅಕ್ಕ ಅಷ್ಟೇ. ಅವನು ಗಾಡಿಗೆ ಬಂದ ಎಲ್ಲ ಹೆಂಗಸರನ್ನೂ ಹಾಗೆಯೇ ಕರೆಯುತ್ತಾನೆ.

ಉಮರೇಡ್ ಇರುವುದು ನಾಗಪುರದಿಂದ ಆಗ್ನೇಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ. ಅಲ್ಲಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ತೆರೆದ ಕಲ್ಲಿದ್ದಲು ಗಣಿಗಳಿವೆ. ಇವರು ಸುರತ್ಕಲ್ಲಿನಲ್ಲಿ ಮೈನಿಂಗ್ ಓದಿದವರು, 2012ರಲ್ಲಿ ಅಲ್ಲಿಗೆ ಪೋಸ್ಟಿಂಗ್ ಆಯಿತು. ನಾನೂ ಅವರ ಹಿಂದೆಯೇ ಹೋದೆ. ಪುರಾಣ ನೋಡಿದರೆ ವಿದರ್ಭದಿಂದ ಗಂಡನ ಮನೆಗೆ ಹೊರಟುಹೋದವರದೇ ಕಥೆ. ರುಕ್ಮಿಣಿ ಹೋದಳು, ದಮಯಂತಿ ಹೋದಳು, ಅಗಸ್ತ್ಯರ ಹಿಂದೆ ಲೋಪಾಮುದ್ರೆ ಹೋದಳು. ಗಂಡನ ಹಿಂದೆ ವಿದರ್ಭಕ್ಕೇ ಬಂದವಳ ಕಥೆಯನ್ನು ನನಗೆ ಯಾರೂ ಹೇಳಿರಲಿಲ್ಲ. ಬಂದದ್ದಾದರೂ ಯಾವಾಗ? ಮೇ ತಿಂಗಳಲ್ಲಿ. ಇಂಗ್ಲಿಷ್ ಕಲಿಸುವ ಕೆಲಸ ಹುಡುಕೋಣವೆಂದರೆ, ನಲವತ್ತೈದು ಡಿಗ್ರಿ ಬಿಸಿಲಿಗೆ ಹೆದರಿ ವಿದರ್ಭದ ಶಾಲೆಗಳು ಉಳಿದ ಮಹಾರಾಷ್ಟ್ರ ಬಾಗಿಲು ತೆಗೆದ ಮೇಲೆ, ಜೂನ್ ಕೊನೆಗೆ ಶುರುವಾಗುತ್ತವೆ. ಅಲ್ಲಿಯವರೆಗೆ ಕೂಲರಿನ ಮುಂದೆ ಕೂತು ಅದರ ಗಡಗಡ ಸದ್ದಿನಲ್ಲಿ ಅತ್ತೆಯವರ ಫೋನು ಕೇಳಿಸದಂತೆ ನಟಿಸುವುದೊಂದೇ ನನ್ನ ಉದ್ಯೋಗ.

“ಪರದೇಶಿ ಥರ ಒಬ್ಬಳೇ ಕೂತಿರ್ತೀಯೇನೆ?” ಅಂತ ಅಮ್ಮ ಕೇಳುತ್ತಿದ್ದಳು. ನಮ್ಮಲ್ಲಿ ಪರದೇಶಿ ಅಂದರೆ ಬೇರೆ ದೇಶದವನಲ್ಲ, ದಿಕ್ಕಿಲ್ಲದವನು. ಈ ಅರ್ಥವನ್ನು ಕಟ್ಟಿದವರಿಗೆ ಗಂಡನ ಟ್ರಾನ್ಸ್‌ಫರಿನ ಅನುಭವ ಇದ್ದಿರಲೇಬೇಕು. ನನ್ನ ಚಿಕ್ಕಪ್ಪನ ಮಗಳು ಆಗ ಅಮೆರಿಕದಲ್ಲಿದ್ದಳು. ನನಗಿಂತ ಚೆನ್ನಾಗಿ ಇಂಗ್ಲಿಷ್ ಕಲಿಸಬಲ್ಲವಳು, ಆದರೆ ಕೈ ಕಟ್ಟಿ ಕೂತಿದ್ದಳು. ಎಚ್-4 ವೀಸಾದಲ್ಲಿ ಹೋದ ಹೆಂಡತಿಯರಿಗೆ ಅಲ್ಲಿ ಸಂಬಳದ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. 2015ರ ಮೇ 26ರಿಂದ ಕೊಟ್ಟರು, ಅದೂ ಎಲ್ಲರಿಗಲ್ಲ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ. ಜಪಾನಿಗೆ ಹೋದ ಗೆಳತಿಯೊಬ್ಬಳಿಗೆ ಪರ್ಮಿಷನ್ ತೆಗೆದುಕೊಂಡರೆ ವಾರಕ್ಕೆ 28 ಗಂಟೆ ಕೆಲಸ ಮಾಡಬಹುದಿತ್ತು, ಆದರೆ ಜಾಹೀರಾತುಗಳೆಲ್ಲ ‘ನೇಟಿವ್ ಸ್ಪೀಕರ್’ ಬೇಕು ಅನ್ನುತ್ತಿದ್ದವು. ತಾಯ ಹೊಟ್ಟೆಯಿಂದ ಇಂಗ್ಲಿಷ್ ಮಾತಾಡುತ್ತಲೇ ಬಂದವರು ಬೇಕಂತೆ. ನನಗೆ ವೀಸಾದ ಕಾಟವಿರಲಿಲ್ಲ. ಎಂ.ಎ., ಬಿ.ಎಡ್. ಮಾಡಿದ ಮಾರ್ಕ್ಸ್ ಕಾರ್ಡುಗಳು ಮಾತ್ರ ಸಾಮಾನಿನ ಲಾರಿಯಲ್ಲಿ, ಒಗ್ಗರಣೆ ಡಬ್ಬಿಗಳ ನಡುವೆ, ಇಪ್ಪತ್ತೆರಡು ದಿನ ತಡವಾಗಿ ಬಂದವು. ಸಾಸಿವೆ ವಾಸನೆ ಹೊಡೆಯುವ ಪದವಿ ಪತ್ರವನ್ನು ಹಿಡಿದು ಶಾಲೆ ಹುಡುಕಿಕೊಂಡು ಹೊರಟೆ.

ಕೆಲಸಕ್ಕೇನೂ ಬರವಿರಲಿಲ್ಲ. ಮಹಾರಾಷ್ಟ್ರದ ಮರಾಠಿ ಶಾಲೆಗಳಲ್ಲಿ 2000ದಲ್ಲೇ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಶುರುವಾಗಿತ್ತು. ಅದರ ಮೇಲೆ ‘ಸೆಮಿ ಇಂಗ್ಲಿಷ್’ ಅಂತ ಒಂದು ಪದ್ಧತಿ, ಗಣಿತ ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ನಮ್ಮ ಕಡೆ ಮೇಲೆ ಕೋಟು ಹಾಕಿ ಕೆಳಗೆ ಪಂಚೆ ಉಟ್ಟ ಹಳೇ ವಕೀಲರಿದ್ದರಲ್ಲ, ಹಾಗೆ. ನನಗೆ ಇಷ್ಟವಾದ ಏರ್ಪಾಡದು. ಪೂರ್ತಿ ಕೋಟು ಹಾಕಿಸಿ ಮಕ್ಕಳನ್ನು ಬೇಯಿಸುವುದಕ್ಕಿಂತ ವಾಸಿ.

ನಾನು ಸೇರಿದ ಖಾಸಗಿ ಶಾಲೆಯ ಸಂದರ್ಶನ ಏಳು ನಿಮಿಷದ್ದು. ಮೊದಲ ಪ್ರಶ್ನೆ, “ಮಿಸ್ಟರ್ ಏನು ಮಾಡ್ತಾರೆ?” ಎರಡನೆಯದು, “ಅವರಿಗೆ ಟ್ರಾನ್ಸ್‌ಫರ್ ಯಾವಾಗ?” ಮೂರನೆಯದು, “ಕ್ವಾರ್ಟರ್ಸ್ ಸಿಕ್ಕಿದೆಯಾ?” ಕ್ವಾರ್ಟರ್ಸ್ ಸಿಕ್ಕಿದೆ ಅಂದರೆ ಬಾಡಿಗೆಯಿಲ್ಲ, ಬಾಡಿಗೆಯಿಲ್ಲ ಅಂದರೆ ನನಗೆ ಹೆಚ್ಚು ಸಂಬಳ ಯಾಕೆ? ತಿಂಗಳಿಗೆ 4,500 ರೂಪಾಯಿ ಅಂತ ತೀರ್ಮಾನವಾಯಿತು. ನನ್ನ ಇಂಗ್ಲಿಷನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಇವರ ಸರ್ವಿಸನ್ನು ಚೆನ್ನಾಗಿ ಪರೀಕ್ಷಿಸಿದರು. ಇಂಗ್ಲಿಷ್ ಟೀಚರಾಗಿದ್ದವರು ನನಗಿಂತ ಮುಂಚೆ ಇಬ್ಬರಂತೆ, ಇಬ್ಬರೂ ಗಂಡಂದಿರ ಜೊತೆ ಬಂದವರು, ಇಬ್ಬರೂ ಗಂಡಂದಿರ ಜೊತೆ ಹೋದವರು. ಹೋದ ಪುಟ್ಟ ಬಂದ ಪುಟ್ಟ.

ಮೊದಲ ದಿನ ಐದನೇ ಕ್ಲಾಸಿಗೆ ಕಾಲಿಟ್ಟೆ. ನಲವತ್ತು ಮಕ್ಕಳು ಎದ್ದುನಿಂತು ಒಂದೇ ಕಂಠದಲ್ಲಿ ಕೂಗಿದವು, “ನಮಸ್ತೇ ಬಾಈ!” ಮರಾಠಿ ಶಾಲೆಯಲ್ಲಿ ಹೆಣ್ಣು ಮೇಷ್ಟರು ‘ಬಾಈ’. ಬೀದಿಯಲ್ಲಿ ತಾಯಿ, ಶಾಲೆಯಲ್ಲಿ ಬಾಯಿ. ಯೋಚಿಸಿದರೆ ಎರಡನೆಯದೇ ಸರಿ ಅನ್ನಿಸಿತು. ಸ್ಪೋಕನ್ ಇಂಗ್ಲಿಷ್ ಅಂದರೆ ದಿನಕ್ಕೆ ಆರು ಪೀರಿಯಡ್ಡು ಬಾಯಿಯೇ ತಾನೆ? ಸಂಬಳವೂ ಬಾಯಿಗೇ, ಮಿದುಳಿಗೆ ಅದರಲ್ಲಿ ಪಾಲಿರಲಿಲ್ಲ.

ಈ ಬಾಯಿಯ ಗುಟ್ಟು ಎರಡನೇ ವಾರ ರಟ್ಟಾಯಿತು. “ಟೇಕ್ ಯುವರ್ ಪೆನ್ನು” ಅಂದೆ. ಮುಂದಿನ ಸಾಲಿನ ಹುಡುಗಿ ಕೈಯೆತ್ತಿ, ಬಹಳ ವಿನಯದಿಂದ, “ಬಾಈ, ಪೆನ್ನು ನಹೀಂ, ಪೆನ್” ಅಂದಳು. ಬಸ್ಸು, ಬುಕ್ಕು, ಪೆನ್ನು, ಚಾಕು ಚೂರಿ ತೋರಿಸಿದರೂ ಬಿಡದ ನಮ್ಮ ‘ಉ’ಕಾರ! ಕನ್ನಡದವರಿಗೆ ಶಬ್ದ ವ್ಯಂಜನದಲ್ಲಿ ನಿಂತರೆ ಮೆಟ್ಟಿಲಿಲ್ಲದ ಮನೆಯಿಂದ ಇಳಿದಂತೆ, ಕಾಲು ಗಾಳಿಯಲ್ಲಿ ಆಡುತ್ತದೆ. ಮರಾಠಿಯವರು ದಢಕ್ಕನೆ ಧುಮುಕುತ್ತಾರೆ. ಅವರಿಗೆ ಅವರದೇ ಕಾಯಿಲೆಯಿತ್ತು, ‘ವೆರಿ’ಯನ್ನು ‘ವ್ಹೆರಿ’ ಅಂತ ಉಸಿರು ತುಂಬಿ ಹೇಳುವುದು. ಗಣಿ ಕಾಲೊನಿಯಲ್ಲಿ ಬಿಹಾರದ, ಉತ್ತರಪ್ರದೇಶದ ಮನೆಗಳೂ ಇದ್ದವು. ಅವರ ಮಕ್ಕಳು ‘ಇಸ್ಕೂಲ್’ಗೆ ಬರುತ್ತಿದ್ದರು. ನಾನು ‘ಉ’ ಬಿಡುತ್ತೇನೆ, ನೀವು ‘ಹ’ ಬಿಡಿ, ಅವರು ‘ಇ’ ಬಿಡಲಿ ಅಂತ ಒಪ್ಪಂದವಾಯಿತು. ಯಾರೂ ಏನನ್ನೂ ಬಿಡಲಿಲ್ಲ. ನಾನು ಮಾತ್ರ ನಾಗಪುರದವರ ಒಂದು ಮಾತನ್ನು ಹಿಡಿದುಕೊಂಡೆ. ಪುಣೆಯವರು ‘ಹೋ’ ಅನ್ನುವಲ್ಲಿ ಅವರು ‘ಹೌ’ ಅನ್ನುತ್ತಾರೆ. ಪಕ್ಕದ ಮನೆಯ ವಹಿನಿ (ಅತ್ತಿಗೆ ಅನ್ನಿ) “ಹೌ, ಹೌ” ಅನ್ನುವಾಗೆಲ್ಲ ಇನ್ನೊಂದು ‘ದು’ ಸೇರಿಸಿಬಿಡಲಿ ದೇವರೇ ಅಂತ ಕಾಯುತ್ತಿದ್ದೆ. ಅವರ ಮನೆಯ ಅಡಿಕೆ ಕತ್ತರಿಸುವ ಸಾಧನದ ಹೆಸರು ಅಡಕಿತ್ತಾ. ನಮ್ಮ ಅಡಕತ್ತರಿ ನನಗಿಂತ ಎಷ್ಟೋ ಮುಂಚೆ ಅಲ್ಲಿಗೆ ಬಂದು, ಟ್ರಾನ್ಸ್‌ಫರಿಲ್ಲದೆ, ಸಂಸಾರ ಹೂಡಿತ್ತು.

ಇಷ್ಟಾದರೂ ನಾನು ಆ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ ಅನ್ನುವುದು ಅರ್ಧ ಸತ್ಯ. ಒಂದು ದಿನ ‘ಬೆಂಚ್’ ಅಂತ ಬೋರ್ಡಿನ ಮೇಲೆ ಬರೆದು, ವಾಕ್ಯ ಮಾಡಿ ಅಂದೆ. ನಾಲ್ಕನೇ ಸಾಲಿನ ಹುಡುಗ ಎದ್ದು, “ಮೈ ಪಪ್ಪಾಸ್ ಡಂಪರ್ ಈಸ್ ಆನ್ ದ ಥರ್ಡ್ ಬೆಂಚ್” ಅಂದ. ಹುಡುಗರು ನಗುತ್ತಾರೆ ಅಂತ ಕಾದೆ. ಯಾರೂ ನಗಲಿಲ್ಲ. ನಕ್ಕವಳು ನಾನೊಬ್ಬಳೇ, ಲಾರಿಯಂಥ ಲಾರಿ ಬೆಂಚಿನ ಮೇಲೆ ಹತ್ತಿದೆಯಲ್ಲಾ ಅಂತ. ಮನೆಗೆ ಹೋಗಿ ಕೇಳಿದರೆ ಇವರು ಕಾಗದದ ಮೇಲೆ ಬರೆದು ತೋರಿಸಿದರು. ತೆರೆದ ಗಣಿಯನ್ನು ದೊಡ್ಡ ದೊಡ್ಡ ಮೆಟ್ಟಿಲುಗಳಾಗಿ ಕಡಿಯುತ್ತಾ ಇಳಿಯುತ್ತಾರೆ, ಆ ಒಂದೊಂದು ಮೆಟ್ಟಿಲೂ ಒಂದು ಬೆಂಚು. ಕಡಿಯುತ್ತಿರುವ ಕಲ್ಲಿದ್ದಲ ಗೋಡೆ ‘ಫೇಸ್’. ಮೇಲಿನ ಮಣ್ಣುಕಲ್ಲು ‘ಓಬಿ’, ಊರ ಸುತ್ತ ಗುಡ್ಡದಂತೆ ಬಿದ್ದಿರುವುದು ಅದೇ. ಮಾರನೇ ದಿನ ಪುಸ್ತಕ ಮುಚ್ಚಿಟ್ಟು, ನಿಮಗೆ ಗೊತ್ತಿರುವ ಇಂಗ್ಲಿಷ್ ಶಬ್ದಗಳನ್ನೆಲ್ಲ ಹೇಳಿ ಅಂದೆ. ಶಾವೆಲ್, ಸೈರನ್, ಸೆಕೆಂಡ್ ಶಿಫ್ಟ್, ಓವರ್‌ಟೈಮ್ ಬಂತು. ಆಮೇಲೆ ಒಂದು ಮೂಲೆಯಿಂದ ‘ಲ್ಯಾಂಡ್ ಲೂಸರ್’ ಬಂತು. ಗಣಿಗೆ ಹೊಲ ಕೊಟ್ಟು ಬದಲಿಗೆ ನೌಕರಿ ಪಡೆದವರನ್ನು ಕರೆಯುವುದು ಹಾಗೆ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ‘ಕಂಪ್ಯಾಶನೇಟ್’ ಅಂದಳು, ಒಂದೂ ತಪ್ಪಿಲ್ಲದ ಉಚ್ಚಾರ. ಅಪ್ಪ ತೀರಿಕೊಂಡ ಮೇಲೆ ಅವಳ ಅಮ್ಮನಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಬರಬೇಕಿತ್ತು. ಐದನೇ ಕ್ಲಾಸಿನ ಪಠ್ಯದಲ್ಲಿ ಈ ಶಬ್ದ ಇರಲಿಲ್ಲ. ನಾನದನ್ನು ಬೋರ್ಡಿನ ಮೇಲೆ ಬರೆಯಲಿಲ್ಲ.

ಮಧ್ಯಾಹ್ನ ಸೈರನ್ ಕೂಗಿ ಗಣಿಯಲ್ಲಿ ಬ್ಲಾಸ್ಟಿಂಗ್ ಆದಾಗ ಕಿಟಕಿ ಗಾಜು ಟರ್ರೆನ್ನುತ್ತಿತ್ತು. ನಾನು ಬೆಚ್ಚುತ್ತಿದ್ದೆ, ಮಕ್ಕಳು ಕಾಪಿ ಬರೆಯುತ್ತಲೇ ಇರುತ್ತಿದ್ದವು.

ಇನ್ನೊಂದು ಪೆಟ್ಟು ತಿಂದದ್ದು 2015ರಲ್ಲಿ, ‘ನನ್ನ ಮೆಚ್ಚಿನ ಹೀರೋ’ ಪ್ರಬಂಧದಲ್ಲಿ. ಒಬ್ಬ ಬರೆದಿದ್ದ: ನನ್ನ ಹೀರೋ ಜಯ್. ಅವನು ನಾಗ್‌ಝಿರಾದಿಂದ ನಡೆದು ಬಂದ. ಅವನ ಕುತ್ತಿಗೆಯಲ್ಲಿ ಕಾಲರ್ ಇದೆ. ನಾನು ಕೆಂಪು ಪೆನ್ನಿನಲ್ಲಿ (ಉಕಾರಸಹಿತ) ‘ಕಾಲರ್ ಇರುವುದು ಅಂಗಿಗೆ’ ಅಂತ ತಿದ್ದಿ ಹತ್ತಕ್ಕೆ ನಾಲ್ಕು ಕೊಟ್ಟೆ. ಜಯ್ ಅಂದರೆ ಹುಲಿ. ಉಮರೇಡ್ ಕರ್‍ಹಾಂಡ್ಲಾ ಅಭಯಾರಣ್ಯಕ್ಕೆ 2013ರಲ್ಲಿ ನಾಗ್‌ಝಿರಾ ಕಾಡಿನಿಂದ ಬಂದು ಸೇರಿದ, ದೇಶಕ್ಕೆಲ್ಲ ಹೆಸರಾದ ಗಂಡುಹುಲಿ. ಅರಣ್ಯ ಇಲಾಖೆಯವರು ಅದಕ್ಕೆ ರೇಡಿಯೋ ಕಾಲರ್ ಕಟ್ಟಿದ್ದರು. ‘ಶೋಲೆ’ಯ ಅಮಿತಾಭನ ಪಾತ್ರದ ಹೆಸರು ಅದು. ಆ ಸಿನಿಮಾ ತೆಗೆದ ರಾಮನಗರದ ಬಂಡೆಗಳು ನಮ್ಮವು ಅಂತ ಹೇಳಿ ಮಾನ ಉಳಿಸಿಕೊಳ್ಳಲು ನೋಡಿದೆ. “ಬಾಈ, ಮಾರ್ಕ್ಸ್?” ಅಂದ ಹುಡುಗ. ಒಂಬತ್ತು ಮಾಡಿದೆ. 2016ರ ಏಪ್ರಿಲ್‌ನಿಂದ ಜಯ್ ಸುಳಿವಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಹುಡುಗ ವಾರಗಟ್ಟಲೆ ಪತ್ರಿಕೆಯ ತುಂಡು ತಂದು ತೋರಿಸುತ್ತಿದ್ದ, ನಾವಿಬ್ಬರೂ ಕೂತು ಓದುತ್ತಿದ್ದೆವು, ಅವನು ಮರಾಠಿಯದನ್ನು, ನಾನು ಇಂಗ್ಲಿಷಿನದನ್ನು.

ಅದೇ ವರ್ಷ ಇವರಿಗೆ ಬಲ್ಲಾರಪುರಕ್ಕೆ ವರ್ಗವಾಯಿತು. ಶಾಲೆಯಲ್ಲಿ ಶಾಲು, ತೆಂಗಿನಕಾಯಿ, ಗ್ರೂಪ್ ಫೋಟೋ ಎಲ್ಲ ಆಯಿತು. ಅನುಭವ ಪತ್ರವನ್ನು ಕ್ಲರ್ಕು ಟೈಪು ಮಾಡಿ ಕೊಟ್ಟ, ನಾನು ಓದದೆ ಮಡಚಿ ಪರ್ಸಿಗೆ ಹಾಕಿಕೊಂಡೆ. ಹೊಸ ಊರಿನ ಶಾಲೆಯಲ್ಲಿ ಅದನ್ನು ಬಿಚ್ಚಿದಾಗ ಗೊತ್ತಾಯಿತು. ನನ್ನ ಮಾರ್ಕ್ಸ್ ಕಾರ್ಡುಗಳಲ್ಲಿ ಹೆಸರಿನ ಹಿಂದೆ ಎಚ್.ಎಸ್. ಅಂತಿದೆ, ಹೊಸನಗರದ ಎಚ್, ಅಪ್ಪನ ಎಸ್. ಅಲ್ಲಿಯ ರೂಢಿಯಂತೆ ಕ್ಲರ್ಕು ನನ್ನ ಹೆಸರಿನ ಮುಂದೆ ಗಂಡನ ಹೆಸರು, ಅದರ ಮುಂದೆ ಗಂಡನ ಊರಿನ ಹೆಸರನ್ನು ಅಡ್ಡಹೆಸರಾಗಿ ಕೂರಿಸಿದ್ದ. ಓದಿದವಳು ಒಬ್ಬಳು, ನಾಲ್ಕು ವರ್ಷ ಕಲಿಸಿದವಳು ಇನ್ನೊಬ್ಬಳು. ಇಬ್ಬರೂ ನಾನೇ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಹಾಕಿಸಿ ಕೊಡುವಷ್ಟರಲ್ಲಿ ಆ ಜಾಗಕ್ಕೆ ಬೇರೆ ಯಾರೋ ಸೇರಿದ್ದರು.

ಗಂಡನ ಹಿಂದೆ ಹೊರಟವರೇ, ಉಮರೇಡೋ ಒಸಾಕಾನೋ, ಮಾರ್ಕ್ಸ್ ಕಾರ್ಡುಗಳನ್ನು ಲಾರಿಗೆ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಊರು ಬಿಡುವಾಗ ಅನುಭವ ಪತ್ರ ಕೇಳಿ ತೆಗೆದುಕೊಳ್ಳಿ, ಅದರಲ್ಲಿರುವುದು ನಿಮ್ಮ ಹೆಸರೇನಾ ಅಂತ ಕ್ಲರ್ಕಿನ ಮೇಜಿನ ಮುಂದೆ ನಿಂತೇ ಓದಿ.