ಲೋಹಿಯಾ ಹೆಸರಿನ ಕಂಪನಿ, ನಮ್ಮ ಲೈನ್ ಮನೆಯ ಹೆಣ



'ಸಂಸ್ಕಾರ' ಸಿನಿಮಾ ಹೆಸರು ಎಲ್ಲರೂ ಕೇಳಿರ್ತೀರಿ. ಅದನ್ನ ಮಾಡಿದ ಕಂಪನಿ ಹೆಸರು ಎಷ್ಟು ಜನಕ್ಕೆ ಗೊತ್ತು? ರಾಮಮನೋಹರ ಚಿತ್ರ. ಸಿನಿಮಾ ಕಂಪನಿಗೆ ಮನೆದೇವರ ಹೆಸರೋ ತಾಯಿ ಹೆಸರೋ ಇಡೋದು ನಮ್ಮಲ್ಲಿ ವಾಡಿಕೆ. ಇವರು 1967ರಲ್ಲಿ ತೀರಿಕೊಂಡ ಸಮಾಜವಾದಿ ರಾಮಮನೋಹರ ಲೋಹಿಯಾ ಹೆಸರಿಟ್ಟರು. ಬಾಬಾಸಾಹೇಬರ ಜೊತೆ ಸೇರಿ ರಾಜಕಾರಣ ಮಾಡಬೇಕು ಅಂತ ಪತ್ರ ಬರೆದಿದ್ದ ಲೋಹಿಯಾ. ಭೇಟಿ ಆಗೋ ಮೊದಲೇ, 1956ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಹೋದರು.

ಕಂಪನಿ ಕಟ್ಟಿದ್ದು ಪಟ್ಟಾಭಿರಾಮ ರೆಡ್ಡಿ. ನೆಲ್ಲೂರು ಕಡೆಯ ತೆಲುಗು ಕವಿ, ಮದ್ರಾಸಿನಲ್ಲಿ ತೆಲುಗು ಸಿನಿಮಾಗಳಿಗೆ ದುಡ್ಡು ಹಾಕಿದ್ದವರು. ಜೊತೆಗೆ ನಿಂತದ್ದು ಹೆಂಡತಿ ಸ್ನೇಹಲತಾ. ಅನಂತಮೂರ್ತಿಯವರ 1965ರ ಕಾದಂಬರಿಗೆ ಗಿರೀಶ್ ಕಾರ್ನಾಡ್ ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯನ ಪಾತ್ರವನ್ನೂ ಮಾಡಿದರು. ನಾರಣಪ್ಪ ಆಗಿ ನಮ್ಮ ಲಂಕೇಶ್, ಚಂದ್ರಿ ಆಗಿ ಸ್ನೇಹಲತಾ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಶೂಟಿಂಗ್. ಸ್ಟಾರ್ ಇಲ್ಲ, ಬಣ್ಣ ಇಲ್ಲ, ಹಾಡು ಕುಣಿತ ಇಲ್ಲ.

ಸೆನ್ಸಾರ್‌ನವರು ಜಾತಿ ಗಲಾಟೆ ಆಗುತ್ತೆ ಅಂತ ನಿಷೇಧ ಹಾಕಿದರು. ಕೇಂದ್ರ ಸರ್ಕಾರ ಅದನ್ನ ತೆಗೆದ ಮೇಲೆ ಬಿಡುಗಡೆ ಆಯ್ತು. ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಅದೇ ಮೊದಲು.

ಆಮೇಲೆ ತುರ್ತು ಪರಿಸ್ಥಿತಿ. 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ವಿಚಾರಣೆ ಇಲ್ಲ. ಉಬ್ಬಸದ ಹೆಂಗಸು. 1977ರ ಜನವರಿಯಲ್ಲಿ, ಇನ್ನು ಉಳಿಯಲ್ಲ ಅನ್ನೋ ಹೊತ್ತಿಗೆ ಪೆರೋಲ್ ಕೊಟ್ಟರು. 20ನೇ ತಾರೀಕು ತೀರಿಹೋದರು. ಲಂಕೇಶರ ನಾಟಕದಿಂದ ಪಟ್ಟಾಭಿ ಮಾಡಿದ 'ಚಂಡಮಾರುತ' ತೆರೆಗೆ ಬಂದದ್ದೂ ಅದೇ ವರ್ಷ, ಅದರಲ್ಲೂ ಸ್ನೇಹಲತಾ ಇದ್ದಾರೆ. ಸಿನಿಮಾ ಮಾಡಿ ಇಷ್ಟು ಬೆಲೆ ತೆತ್ತ ಮನೆ ಇನ್ನೊಂದು ಇದ್ದರೆ ಹೇಳಿ.

ಆ ಗೌರವ ಇಟ್ಟುಕೊಂಡೇ ಈ ಮಾತು ಹೇಳ್ತೀನಿ. ಆ ಕಥೆಯಲ್ಲಿ ಹೊಲಗೇರಿಯಲ್ಲೂ ಪ್ಲೇಗಿಗೆ ಜನ ಸಾಯ್ತಾರೆ. ಬೆಳ್ಳಿಯ ಅಪ್ಪ ಅವ್ವನೂ ಸಾಯ್ತಾರೆ. ಗುಡಿಸಲಿಗೇ ಬೆಂಕಿ ಇಡ್ತಾರೆ, ಮುಗೀತು. ಅವರ ಸಂಸ್ಕಾರದ ಪ್ರಶ್ನೆ ಯಾರಿಗೂ ಇಲ್ಲ. ಪ್ರಶ್ನೆ ಇರೋದು ಅಗ್ರಹಾರದ ಒಂದೇ ಹೆಣಕ್ಕೆ.

ನಾನು ಹಗಲು ಆಫೀಸಿನಲ್ಲಿ ಗುಮಾಸ್ತ. ಸಂಜೆ ಸಂಘದ ಕೆಲಸ ಅಂದ್ರೆ ಅರ್ಧಕ್ಕರ್ಧ ಸ್ಮಶಾನದ ಜಾಗಕ್ಕೆ ಅರ್ಜಿ ಬರೆಯೋದು. ಕೊಡಗು ನೋಡೋಕೆ ಬರೋರಿಗೆ ಕಾಫಿ ತೋಟ ಕಾಣುತ್ತೆ, ತೋಟದೊಳಗಿನ ಲೈನ್ ಮನೆ ಕಾಣಲ್ಲ. ಮೂರು ತಲೆಮಾರು ಅದೇ ತೋಟದಲ್ಲಿ ದುಡಿದರೂ ಆರಡಿ ಮೂರಡಿ ಸ್ವಂತದ್ದಿರಲ್ಲ. ಹೋದ ವರ್ಷ ಜುಲೈ ಮಳೆಯಲ್ಲಿ ಲೈನ್ ಮನೆಯ ಅಜ್ಜ ಒಬ್ಬರು ತೀರಿಕೊಂಡರು. ತೋಟದಲ್ಲಿ ಮಣ್ಣು ಮಾಡಬೇಡಿ ಅಂದ್ರು ಸಾಹುಕಾರ್ರು. ಊರಿನ ಸ್ಮಶಾನ ಬೇರೆಯವರದು. ಒಂದೂವರೆ ದಿನ ಹೆಣ ಟಾರ್ಪಾಲಿನ ಕೆಳಗಿತ್ತು. ಕೊನೆಗೆ ತೊರೆ ಪಕ್ಕ ಗುಂಡಿ ತೋಡಿದ್ವಿ. ತೋಡಿದಷ್ಟೂ ನೀರು. ಬಕೆಟಲ್ಲಿ ಮೊಗೆದು ಮೊಗೆದು ಕೈ ಸೋತವು. "ಅಣ್ಣಾ, ಮಾವನ್ನ ನೀರಲ್ಲೇ ಮಲಗಿಸೋದಾ?" ಅಂದರು ಅಜ್ಜನ ಸೊಸೆ.

ನಾರಣಪ್ಪನ ಹೆಣಕ್ಕಾಗಿ ಪಂಡಿತರು ಧರ್ಮಗ್ರಂಥ ತಿರುವಿ ಹಾಕ್ತಾರೆ. ಈ ಅಜ್ಜನಿಗಾಗಿ ನಾನು ಪಹಣಿ ತಿರುವಿ ಹಾಕ್ತಾ ಕೂತಿದ್ದೆ.

ಅವತ್ತು ಗುಂಡಿ ತೋಡಿದ ಹುಡುಗರೇ ಈಗ ಸಿನಿಮಾ ಮಾಡ್ತೀವಿ ಅಂತ ಹೊರಟಿದಾರೆ. ತಮಿಳಿನಲ್ಲಿ ಪಾ. ರಂಜಿತ್ 'ನೀಲಂ' ಅಂತ ಕಂಪನಿ ಕಟ್ಟಿ, 2018ರಲ್ಲಿ ಮಾರಿ ಸೆಲ್ವರಾಜ್ ಕೈಲಿ 'ಪರಿಯೇರುಂ ಪೆರುಮಾಳ್' ಮಾಡಿಸಿದ್ದನ್ನ ನೋಡಿದಾರೆ. ನೀಲಂ ಅಂದ್ರೆ ನೀಲಿ, ಯಾವ ನೀಲಿ ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬ್ಯಾನರ್‌ಗೆ ಏನು ಹೆಸರಿಡೋದು ಅಂತ ಮೂರು ಭಾನುವಾರ ಜಗಳ ಆಡಿದಾರೆ. 'ಲೈನ್ ಮನೆ' ಅಂತಲೇ ಇಡಿ ಅಂದಳು ಡಿಗ್ರಿ ಓದೋ ಒಬ್ಬ ಹುಡುಗಿ. ನನ್ನ ಓಟು ಅದಕ್ಕೇ.

ಒಂದು ಫೋನ್ ಇದೆ, ಒಂದು ಬಾಡಿಗೆ ಮೈಕ್ ಇದೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಯಾರ ಹತ್ರನಾದ್ರೂ ಟ್ರೈಪಾಡ್ ಇದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಮಳೆ ಬಿಟ್ಟ ಮೇಲೆ ಶೂಟಿಂಗ್. ಮಳೆಯಲ್ಲೇ ಆಗಬೇಕು ಅಂತಾನೆ ಕ್ಯಾಮೆರಾ ಹುಡುಗ, ಅದೂ ಇನ್ನೂ ತೀರ್ಮಾನ ಆಗಿಲ್ಲ.