ಬಾಗಿಲು ಹಾಕದ ಅಂಗಡಿ

ಮಗಳ ಮನೆಗೆಂದು ಟೋಕಿಯೋಗೆ ಹೋದಾಗ, ಮಾತು ಬಾರದ ನನ್ನನ್ನು ಮೊದಲು ಹಚ್ಚಿಕೊಂಡದ್ದು ಬೀದಿ ಮೂಲೆಯ ಕೊಂಬಿನಿ. ಅಂಥ ಪುಟ್ಟ ಅಂಗಡಿಗಳು ಆ ದೇಶದಲ್ಲಿ 55 ಸಾವಿರದಷ್ಟಿವೆ. ಬಹುಪಾಲು ಸೆವೆನ್-ಇಲೆವೆನ್, ಫ್ಯಾಮಿಲಿಮಾರ್ಟ್, ಲಾಸನ್ ಎಂಬ ಮೂರೇ ಸರಪಳಿಗಳವು. ಕರೆಂಟ್ ಬಿಲ್ ಕಟ್ಟುವವರು, ಪಾರ್ಸೆಲ್ ಕಳಿಸುವವರು, ಜೆರಾಕ್ಸ್ ತೆಗೆಯುವವರು, ಅವಸರಕ್ಕೆ ಶೌಚಾಲಯ ಹುಡುಕಿ ಬಂದು ಹೋಗುವಾಗ ಸಂಕೋಚಕ್ಕೊಂದು ಚಾಕಲೇಟು ಕೊಳ್ಳುವವರು, ಎಲ್ಲರಿಗೂ ಅದೇ ದಿಕ್ಕು.

ನನ್ನನ್ನು ಅಲ್ಲಿಗೆ ಎಳೆಯುತ್ತಿದ್ದದ್ದು ಒನಿಗಿರಿ. ಮೂರು ಮೂಲೆಯ ಅನ್ನದ ಉಂಡೆ. ಸುತ್ತಿದ ಕಡಲಪಾಚಿಯ ಹಾಳೆ ಮೆತ್ತಗಾಗದಂತೆ ಅನ್ನಕ್ಕೂ ಅದಕ್ಕೂ ನಡುವೆ ಒಂದು ಪ್ಲಾಸ್ಟಿಕ್ ಪರದೆ. 1 ಎಂದು ಬರೆದಿರುವ ಪಟ್ಟಿಯನ್ನು ಕೆಳಕ್ಕೆ ಎಳೆದು, 2 ಮತ್ತು 3 ಎಂದಿರುವ ತುದಿಗಳನ್ನು ಪಕ್ಕಕ್ಕೆ ಜಗ್ಗಿದರೆ ಪರದೆ ಜಾರಿ ಹಾಳೆ ಅನ್ನವನ್ನು ತಬ್ಬುತ್ತದೆ. ಮೊಮ್ಮಗ ಟಿವಿ ನೋಡುತ್ತಲೇ ಬಿಚ್ಚಿಕೊಡುತ್ತಿದ್ದ. ಒಳಗೆ ಉಮೆಬೋಶಿ, ಉಪ್ಪಲ್ಲಿ ಹಾಕಿದ ಹುಳಿಹಣ್ಣು. ಕೈತುತ್ತು ಹಾಕುವಾಗ ನಮ್ಮಜ್ಜಿ ಉಂಡೆಯ ನಡುವೆ ಹುದುಗಿಸುತ್ತಿದ್ದ ಮಿಡಿ ಉಪ್ಪಿನಕಾಯಿಯ ಹಾಗೇ. ಅಜ್ಜಿ ಇಲ್ಲವಾಗಿ ಎಷ್ಟೋ ಕಾಲವಾಯಿತು. ಅವಳ ತುತ್ತು ಟೋಕಿಯೋದಲ್ಲಿ ಬಾರ್‌ಕೋಡ್ ಹಚ್ಚಿಕೊಂಡು ಕೂತಿತ್ತು.

"ಅಪ್ಪಾ, ಇವರು ದುಡ್ಡು ಎಣಿಸುವಾಗ ಗಿರಾಕಿಯ ವಯಸ್ಸನ್ನೂ ಎಣಿಸುತ್ತಿದ್ದರಂತೆ," ಎಂದು ಮಗಳು ಹೇಳಿದಾಗ ತಮಾಷೆ ಅಂದುಕೊಂಡೆ. ನಿಜವೇ. ಬಹಳ ವರ್ಷ ಅಲ್ಲಿನ ಗಲ್ಲಾ ಯಂತ್ರಗಳಲ್ಲಿ ಗಂಡಿಗೊಂದು ಸಾಲು, ಹೆಣ್ಣಿಗೊಂದು ಸಾಲು ಗುಂಡಿಗಳಿದ್ದವು: 12, 19, 29, 49, 50. ಎದುರಿಗಿದ್ದವರನ್ನು ಅಂದಾಜಿನಲ್ಲೇ ಅಳೆದು ಒಂದನ್ನು ಒತ್ತಬೇಕು. ಯಾವ ಸರಕು ಯಾರಿಗೆ, ಎಷ್ಟು ಹೊತ್ತಿಗೆ ಬೇಕೆಂಬ ಲೆಕ್ಕ ಹೀಗೆ ಕಂಪನಿಗೆ ಸೇರುತ್ತಿತ್ತು. ಐವತ್ತು ದಾಟಿದವರಿಗೆಲ್ಲ ಒಂದೇ ಗುಂಡಿ. ಆಮೇಲಿನ ಆಯುಷ್ಯದಲ್ಲಿ ತರತಮವೇನೂ ಇಲ್ಲವೆಂದೇ ತೀರ್ಮಾನ!

ನಮ್ಮೂರ ಶೆಟ್ಟರಿಗೆ ಗುಂಡಿ ಬೇಕಿರಲಿಲ್ಲ. ಉದ್ರಿ ಪುಸ್ತಕದಲ್ಲಿ ಊರಿನ ಬಸಿರು, ಬಾಣಂತನ, ತಿಥಿಗಳೆಲ್ಲ ದಾಖಲಾಗಿದ್ದವು. ಯಾರ ಮನೆಗೆ ತುಪ್ಪ ಹೆಚ್ಚು ಹೋಯಿತು ಎಂಬುದರಿಂದಲೇ ಮಗಳು ಹೆರಿಗೆಗೆ ಬಂದದ್ದು ತಿಳಿಯುತ್ತಿತ್ತು. ಆದರೆ ಮಧ್ಯಾಹ್ನ ಊಟವಾದ ಮೇಲೆ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಮಲಗಿದರೆಂದರೆ ಮುಗಿಯಿತು. ಸಕ್ಕರೆಗೆ ಬಂದವರು ಕಟ್ಟೆಯ ಮೇಲೆ ಕೂತು, ಒಳಗಿನ ಗೊರಕೆ ಏರಿಳಿಯುವುದನ್ನು ಕೇಳುತ್ತ ಕಾಯಬೇಕಿತ್ತು.

ಜಪಾನಿನ ಶೆಟ್ಟರೂ ಹೀಗೇ ಮಲಗುತ್ತಿದ್ದರೋ ಏನೋ. ದೊಡ್ಡ ಮಳಿಗೆಗಳು ತಮ್ಮನ್ನು ನುಂಗುತ್ತವೆಂದು ಸಣ್ಣ ವ್ಯಾಪಾರಿಗಳು ಅಂಜಿದ್ದ ಕಾಲ. ಇತೋ-ಯೊಕಾದೋ ಎಂಬ ದೊಡ್ಡ ಮಳಿಗೆಯವರೇ ಅಮೆರಿಕದ ಸೆವೆನ್-ಇಲೆವೆನ್ ಹೆಸರು ತಂದು, 1974ರಲ್ಲಿ ಟೋಕಿಯೋದ ತೊಯೊಸುವಿನ ಒಂದು ಮದ್ಯದಂಗಡಿಗೆ ಹೊಸ ಬೋರ್ಡು ಹಾಕಿಸಿದರು. ನುಂಗುವ ಬದಲು ಜೊತೆಗೆ ಸೇರಿಸಿಕೊಳ್ಳುವ ಈ ಉಪಾಯ ಜಾಣತನದ್ದು. ಅಂಗಡಿ ವ್ಯಾಪಾರಿಯದು, ಹೆಸರು ಮತ್ತು ಸರಕಿನ ವ್ಯವಸ್ಥೆ ಕಂಪನಿಯದು, ಲಾಭದಲ್ಲಿ ಇಬ್ಬರಿಗೂ ಪಾಲು. ಮರುವರ್ಷವೇ ಒಂದು ಅಂಗಡಿ ಹಗಲು ರಾತ್ರಿ ತೆರೆದಿರಲು ಶುರುವಾಯಿತು. ಬರಬರುತ್ತ ಅದೇ ಪದ್ಧತಿಯಾಗಿ, ಸಣ್ಣ ವ್ಯಾಪಾರಿ ಅಂಗಡಿ ಉಳಿಸಿಕೊಂಡ, ನಿದ್ದೆ ಕಳೆದುಕೊಂಡ.

ನಡುರಾತ್ರಿ ನಿದ್ದೆ ಬಾರದೆ ನಾನು ಹೋದಾಗಲೂ ಗಲ್ಲಾದ ಹಿಂದೆ ನನ್ನ ವಯಸ್ಸಿನವರೊಬ್ಬರು ನಿಂತಿರುತ್ತಿದ್ದರು. ಬಗ್ಗಿ ನಮಸ್ಕರಿಸುತ್ತಿದ್ದರು, ಬಗ್ಗಿದ ಬೆನ್ನನ್ನು ಎತ್ತಲು ಕೊಂಚ ಹೊತ್ತು ಹಿಡಿಯುತ್ತಿತ್ತು.

2019ರಲ್ಲಿ ಹಿಗಾಶಿ-ಒಸಾಕಾದ ಸೆವೆನ್-ಇಲೆವೆನ್ ಮಾಲೀಕರೊಬ್ಬರು ಕೆಲಸಕ್ಕೆ ಜನ ಸಿಗದೆ ರಾತ್ರಿ 1ರಿಂದ ಬೆಳಿಗ್ಗೆ 6ರವರೆಗೆ ಬಾಗಿಲು ಹಾಕಲು ಶುರುಮಾಡಿದರು. ದೇಶವೇ ಆ ಬಗ್ಗೆ ಚರ್ಚಿಸಿತು. ವರ್ಷದ ಕೊನೆಗೆ, ಗಿರಾಕಿಗಳಿಂದ ದೂರುಗಳಿವೆಯೆಂದು ಕಂಪನಿ ಒಪ್ಪಂದ ಮುರಿಯಿತು. 2022ರಲ್ಲಿ ಕೋರ್ಟೂ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು. ನಮ್ಮ ಶೆಟ್ಟರು ನ್ಯಾಯಾಧೀಶರಾಗಿದ್ದರೆ ತೀರ್ಪು ಬೇರೆಯೇ ಆಗುತ್ತಿತ್ತು, ಅದೂ ಸಂಜೆ ನಾಲ್ಕರ ಮೇಲೆ.